‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ಒಂದು ನಿರ್ಧಾರವನ್ನಾದರೂ ತಾವಾಗಿ ಮಾಡುತ್ತಾರೆಯೇ?

ಪ್ರಶ್ನೆ (ವಿದ್ಯಾರ್ಥಿನಿ)

ನಮಗೆ ಈ ವರ್ಷ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿ ಪಠ್ಯವಾಗಿದೆ. ಅದರಲ್ಲಿ ಬರುವ ನೈತಿಕ ಆಯ್ಕೆಗಳನ್ನು ಕುರಿತು ಪ್ರಬಂಧ ಬರೆಯಬೇಕಾಗಿದೆ. ತರಗತಿಯಲ್ಲಿ ಎಲ್ಲರೂ ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರನ್ನು ಧರ್ಮಸಂಕಟಕ್ಕೆ ಸಿಲುಕಿದ ನಾಯಕ ಎಂದು ವರ್ಣಿಸುತ್ತಿದ್ದಾರೆ. ಆದರೆ ಎರಡನೆಯ ಸಲ ಓದುವಾಗ ನನಗೆ ಕಂಡದ್ದು ಬೇರೆ. ಆಚಾರ ಮೀರಿ ಬದುಕಿದ ಬ್ರಾಹ್ಮಣ ನಾರಣಪ್ಪನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆಯನ್ನು ಅಗ್ರಹಾರದವರು ಆಚಾರ್ಯರ ಮುಂದಿಡುತ್ತಾರೆ, ಅವರು ಅದನ್ನು ಶಾಸ್ತ್ರದ ತಾಳೆಗರಿಗಳ ಮುಂದಿಡುತ್ತಾರೆ, ಅಲ್ಲಿ ಉತ್ತರ ದೊರೆಯದಿದ್ದಾಗ ಮಾರುತಿಯ ಮುಂದಿಡುತ್ತಾರೆ. ಇದನ್ನು ಆಯ್ಕೆ ಎಂದು ಕರೆಯಬಹುದೇ, ಅಥವಾ ಆಯ್ಕೆಯಿಂದ ತಪ್ಪಿಸಿಕೊಳ್ಳುವುದು ಎನ್ನಬೇಕೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಿಮ್ಮ ಅನುಮಾನ ಸರಿಯಾಗಿದೆ, ಅದನ್ನು ಕೈಬಿಡಬೇಡಿ. ಆದರೆ ತೀರ್ಪು ಕೊಡುವ ಮುನ್ನ ಒಂದು ಸಂಗತಿಯನ್ನು ಗಮನಿಸಿ: ಆಚಾರ್ಯರಿಗೆ ಬದುಕಿನಲ್ಲಿ ಅದುವರೆಗೆ ಉತ್ತರವಿಲ್ಲದ ಪ್ರಶ್ನೆ ಎದುರಾಗಿರಲೇ ಇಲ್ಲ. ರೋಗಿಷ್ಠೆಯಾದ ಭಾಗೀರಥಿಯನ್ನು ಮದುವೆಯಾದದ್ದು ಅವರ ದೊಡ್ಡ ತ್ಯಾಗವೆಂದು ಊರು ನಂಬಿದೆ, ಅವರೂ ನಂಬಿದ್ದಾರೆ. ಆದರೆ ಆ ತ್ಯಾಗದಿಂದ ತಮ್ಮ ಆತ್ಮ ಪಕ್ವವಾಗುತ್ತಿದೆ ಎಂಬ ಲೆಕ್ಕವೂ ಅವರ ಮನಸ್ಸಿನಲ್ಲಿದೆ. ಫಲವನ್ನು ಮೊದಲೇ ತಿಳಿದುಕೊಂಡು ಮಾಡಿದ ಆಯ್ಕೆ ಅದು. ನಾರಣಪ್ಪನ ಶವ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಸಾಲಿಗ್ರಾಮವನ್ನು ಹೊಳೆಗೆಸೆದವನು, ಕೆಳಜಾತಿಯ ಚಂದ್ರಿಯನ್ನು ಮನೆಗೆ ತಂದು ಇಟ್ಟುಕೊಂಡವನು; ಆದರೂ ಮುಸಲ್ಮಾನನಾಗುತ್ತೇನೆಂದು ಅವನು ಹೆದರಿಸಿದ್ದರಿಂದ ಅಗ್ರಹಾರ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹೀಗಾಗಿ ಸತ್ತ ಮೇಲೂ ಅವನು ಬ್ರಾಹ್ಮಣನೇ. ಶವವಿರುವ ತನಕ ಯಾರ ಮನೆಯಲ್ಲೂ ಒಲೆ ಹೊತ್ತುವಂತಿಲ್ಲ. ಬದುಕಿದ್ದಾಗ ತೆಗೆದುಕೊಳ್ಳಬೇಕಾಗಿದ್ದ ನಿರ್ಧಾರವನ್ನು ಮುಂದೂಡಿದ ಊರಿಗೆ ಅದೇ ನಿರ್ಧಾರ ಶವದ ರೂಪದಲ್ಲಿ ಮರಳಿ ಬಂದಿದೆ.

ಇನ್ನು ಆಚಾರ್ಯರ ಮಾತು. ಕಾಡಿನಲ್ಲಿ ಅವರೂ ಚಂದ್ರಿಯೂ ಕೂಡಿದ ಆ ರಾತ್ರಿಯ ನಂತರ, ನಡೆದದ್ದನ್ನು ಬ್ರಾಹ್ಮಣರ ಮುಂದೆ ಹೇಳಲು ತಮಗೆ ಧೈರ್ಯ ಬಾರದಿದ್ದರೆ ನೀನೇ ಹೇಳು ಎನ್ನುವ ಅರ್ಥದಲ್ಲಿ ಅವರು ಚಂದ್ರಿಗೆ ಅಧಿಕಾರ ಕೊಡುತ್ತಾರೆ. ಪ್ರಬಂಧದಲ್ಲಿ ಈ ಸಂದರ್ಭವನ್ನು ಬಿಡಬೇಡಿ. ತಾಳೆಗರಿ, ದೇವರು, ಕೊನೆಗೆ ಅಗ್ರಹಾರದಲ್ಲಿ ಯಾವ ಸ್ಥಾನವೂ ಇಲ್ಲದ ಹೆಂಗಸು; ಹೊರೆ ಇಳಿಯುತ್ತ ಬಂದ ದಾರಿ ಇದು. ಆ ಹೊರೆಯನ್ನು ಆಕೆ ಹೊತ್ತ ರೀತಿಯಾದರೋ ಆಚಾರ್ಯರು ಊಹಿಸದಂಥದ್ದು. ಯಾರಿಗೂ ಹೇಳದೆ, ಮೀನು ಮಾರುವ ಅಹಮದ್ ಬ್ಯಾರಿಯ ನೆರವು ಪಡೆದು, ರಾತ್ರೋರಾತ್ರಿ ಶವವನ್ನು ಸುಟ್ಟು ಆಕೆ ಕುಂದಾಪುರಕ್ಕೆ ಹೊರಟುಬಿಡುತ್ತಾಳೆ. ಇಡೀ ಕಾದಂಬರಿಯಲ್ಲಿ ಪೂರ್ಣಗೊಂಡ ನೈತಿಕ ಕ್ರಿಯೆ ಎಂದರೆ ಇದೊಂದೇ ಎಂದು ನಾನು ವಾದಿಸುತ್ತೇನೆ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ‘ಇದೊಂದೇ’ ಎಂಬುದನ್ನು ಒಪ್ಪಲಾರೆ. ಚಂದ್ರಿಯ ಕೆಲಸ ಕರುಣೆಯಿಂದ ಆದದ್ದು, ನಿಜ. ಆದರೆ ಆಕೆಗೆ ಕಳೆದುಕೊಳ್ಳಲು ಕುಲವಿರಲಿಲ್ಲ, ಉಲ್ಲಂಘಿಸಲು ಶಾಸ್ತ್ರವಿರಲಿಲ್ಲ. ಆಯ್ಕೆಯ ಕಷ್ಟವಿಲ್ಲದವರು ಮಾಡಿದ ಒಳ್ಳೆಯ ಕೆಲಸಕ್ಕೂ, ಆಯ್ಕೆಯ ಕಷ್ಟದಲ್ಲಿ ಸೋತವರ ತೊಳಲಾಟಕ್ಕೂ ಒಂದೇ ಅಳತೆಗೋಲನ್ನು ಹಿಡಿಯುವುದು ನ್ಯಾಯವಲ್ಲ. ಅಲ್ಲದೆ ಆಕೆಯ ಮೌನ ಆಚಾರ್ಯರನ್ನು ಕಾಪಾಡಿತೋ, ಅವರ ಸುಳ್ಳನ್ನು ಇನ್ನಷ್ಟು ದಿನ ಬದುಕಿಸಿತೋ ಎಂಬುದನ್ನೂ ಕೇಳಬೇಕಾಗುತ್ತದೆ.

ಆಯ್ಕೆ ಮಾಡಿದವರು ಇನ್ನೂ ಇದ್ದಾರೆ. ಸಂಸ್ಕಾರದ ಖರ್ಚಿಗೆಂದು ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿಟ್ಟ ಕೂಡಲೇ ಗರುಡಾಚಾರ್ಯರು, ಲಕ್ಷ್ಮಣಾಚಾರ್ಯರು ಮೊದಲಾದವರ ಧರ್ಮಜಿಜ್ಞಾಸೆಯ ಧ್ವನಿಯೇ ಬದಲಾಗುತ್ತದೆ. ನಿನ್ನೆಯವರೆಗೆ ಮೈಲಿಗೆಯಾಗಿದ್ದ ಹೆಣಕ್ಕೆ ಇಂದು ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ. ಹಸಿವು ತಾಳಲಾರದ ದಾಸಾಚಾರ್ಯರು, ತಾವು ಉಣ್ಣಬಾರದ ಸ್ಮಾರ್ತರ ಊರಾದ ಪಾರಿಜಾತಪುರಕ್ಕೆ ಹೋಗಿ ಗುಟ್ಟಾಗಿ ಊಟ ಮಾಡಿ ಬರುತ್ತಾರೆ. ಅವರನ್ನು ಕಂಡು ನನಗೆ ನಗುವಿಗಿಂತ ಮರುಕವೇ ಹೆಚ್ಚು. ಆಸೆಗೂ ಹಸಿವಿಗೂ ನಡುವಿನ ಈ ಅಂತರವನ್ನು ಬರೆದರೆ ನಿಮ್ಮ ಪ್ರಬಂಧ ಆಚಾರ್ಯರೊಬ್ಬರ ಸುತ್ತಲೇ ಗಿರಕಿ ಹೊಡೆಯುವುದು ತಪ್ಪುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ದಾಸಾಚಾರ್ಯರನ್ನು ನಾನು ಹಾಸ್ಯಪಾತ್ರವೆಂದು ಬದಿಗಿಟ್ಟಿದ್ದೆ, ಅದನ್ನು ತಿದ್ದಿಕೊಳ್ಳುತ್ತೇನೆ. ಇನ್ನೊಂದು ತೊಡಕು ಉಳಿದಿದೆ. ಹೆಂಡತಿ ತೀರಿಹೋದ ಮೇಲೆ ಊರು ಬಿಟ್ಟು ಅಲೆದ ಆಚಾರ್ಯರು ಕೊನೆಯಲ್ಲಿ ತಮ್ಮ ಅಗ್ರಹಾರವಾದ ದೂರ್ವಾಸಪುರಕ್ಕೆ ಹಿಂದಿರುಗಲು ಗಾಡಿ ಹತ್ತುತ್ತಾರೆ. ಅದನ್ನಾದರೂ ನಿರ್ಧಾರವೆಂದು ಬರೆಯಬಹುದೇ? ಅವರು ಊರು ತಲುಪುವುದನ್ನು ಲೇಖಕರು ತೋರಿಸಿಯೇ ಇಲ್ಲವಲ್ಲ.

ಮೂರನೆಯ ಉತ್ತರ

ಬರೆಯಬಹುದು, ಆದರೆ ಅದಕ್ಕೆ ಮೇಳಿಗೆಯ ಜಾತ್ರೆಯನ್ನು ಆಧಾರವಾಗಿ ಇಟ್ಟುಕೊಳ್ಳಿ. ಹೆಂಡತಿ ತೀರಿಹೋದ ಸೂತಕದಲ್ಲಿಯೇ ಆಚಾರ್ಯರು ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ, ಯಾರೋ ಗುರುತು ಹಿಡಿದಾಗ ಬೆದರಿ ಎದ್ದುಹೋಗುತ್ತಾರೆ. ತಾವು ಮುಚ್ಚಿಟ್ಟದ್ದು ಈಗ ಒಂದು ಪಂಕ್ತಿಯನ್ನೇ ಮೈಲಿಗೆ ಮಾಡಿದೆ ಎಂಬ ಅರಿವು ಅವರನ್ನು ಅಲ್ಲಾಡಿಸುತ್ತದೆ. ಅಲ್ಲಿಯವರೆಗೆ ಪಾಪವೆಂಬುದು ಅವರಿಗೂ ದೇವರಿಗೂ ನಡುವಿನ ವಿಷಯವಾಗಿತ್ತು, ಅಲ್ಲಿಂದ ಮುಂದೆ ಅದು ಇತರರಿಗೆ ಸಂಬಂಧಿಸಿದ ವಿಷಯವಾಗುತ್ತದೆ. ದಾರಿಯುದ್ದಕ್ಕೂ ಮಾತಾಡುತ್ತ ಜೊತೆ ಬಿಡದ ಪುಟ್ಟನೂ ಕೊನೆಯ ಗಾಡಿಯಲ್ಲಿ ಇಲ್ಲ. ಅಲ್ಲಿ ಒಬ್ಬರಿಗೆ ಮಾತ್ರ ಜಾಗವಿದೆ.

ಮುಕ್ತಾಯ ಅಪೂರ್ಣವೆಂದು ದೂರುವವರು ಒಂದು ಅಂಶವನ್ನು ಮರೆಯುತ್ತಾರೆ. ಗಾಡಿ ಹೊರಡುವ ಹೊತ್ತಿಗೆ ನಾರಣಪ್ಪನ ದೇಹ ಬೂದಿಯಾಗಿದೆ ಎಂಬುದು ಓದುಗರಿಗೆ ಗೊತ್ತಿದೆ, ಎಂದರೆ ಕಥೆ ಯಾವ ಪ್ರಶ್ನೆಯಿಂದ ಆರಂಭವಾಯಿತೋ ಅದು ಈಗಾಗಲೇ ತೀರಿದೆ. ಆಚಾರ್ಯರು ಊರಿಗೆ ತಲುಪಿ ಸತ್ಯವನ್ನು ಹೇಳಿದರೂ ಅದರಿಂದ ಶವಕ್ಕೆ ಆಗಬೇಕಾದದ್ದು ಏನೂ ಇಲ್ಲ. ‘ಸಂಸ್ಕಾರ’ ಎಂಬ ಪದಕ್ಕೆ ಉತ್ತರಕ್ರಿಯೆ ಎಂಬ ಅರ್ಥದ ಜೊತೆಗೆ ತಿದ್ದಿ ಶುದ್ಧಗೊಳಿಸುವುದು ಎಂಬ ಅರ್ಥವೂ ಇದೆಯಷ್ಟೆ. ಮೊದಲನೆಯದನ್ನು ಚಂದ್ರಿ ಮುಗಿಸಿಯಾಗಿದೆ, ಎರಡನೆಯದಕ್ಕೆ ಆಚಾರ್ಯರು ಇನ್ನೂ ಗಾಡಿಯಲ್ಲಿದ್ದಾರೆ.