ಹಳೇ ಶಾಪ್‌ಸ್ಮಿತ್ 10ಇಆರ್: ಖಾಲಿ ಓಡಿದರೂ ಮೋಟರ್ ಬಿಸಿ, ಮರ ಕೊಟ್ಟರೆ ಸುಟ್ಟ ವಾಸನೆ

ತೀರ್ಥಹಳ್ಳಿ ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. ಕೊಪ್ಪದ ಹತ್ತಿರದ ಕಾಫಿ ತೋಟವೊಂದರ ಗೋದಾಮಿನಲ್ಲಿ ಬಿದ್ದಿದ್ದ ಶಾಪ್‌ಸ್ಮಿತ್ 10ಇಆರ್ ಅನ್ನುವ ಮರಗೆಲಸದ ಮೆಷಿನ್ ತಂದಿದ್ದೇನೆ. ನೋಡದವರಿಗೆ ಹೇಳುವುದಾದರೆ, ಎರಡು ಉದ್ದ ಪೈಪುಗಳ ಮೇಲೆ ಸ್ಪಿಂಡಲ್ (ತಿರುಗುವ ದಂಡ) ಇರುವ ತಲೆ ಜಾರುತ್ತದೆ. ಅಡ್ಡ ಮಲಗಿಸಿದರೆ ಲೇತ್, ಟೇಬಲ್ ಕೂರಿಸಿದರೆ ಗರಗಸ, ಡಿಸ್ಕ್ ಹಾಕಿದರೆ ಸ್ಯಾಂಡರ್, ಎತ್ತಿ ನಿಲ್ಲಿಸಿದರೆ ಡ್ರಿಲ್. ಮೋಟರ್ ತಲೆಯ ಹಿಂದೆ ಕೂರುತ್ತದೆ, ಸ್ಪಿಂಡಲನ್ನು ಬೆಲ್ಟಿನಿಂದ ಓಡಿಸುತ್ತದೆ.

ಮೋಟರಿನ ತಗಡಿನ ಮೇಲೆ ಅರ್ಧ ಎಚ್‌ಪಿ, 115 ವೋಲ್ಟ್, 1725 ಆರ್‌ಪಿಎಂ, 7.4 ಆಂಪ್ಸ್, ಸೈಕಲ್ಸ್ 60 ಅಂತ ಇದೆ. 230ರಿಂದ 110ಕ್ಕೆ ಇಳಿಸುವ 750 ವಿಎ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ. ಬೆಲ್ಟ್ ತೆಗೆದು ಸುಮ್ನೆ ಓಡಿಸಿದರೂ ಸ್ವಲ್ಪ ಹೊತ್ತಿಗೆ ಕೈ ಇಡಲಾಗದಷ್ಟು ಬಿಸಿ. ಗುಂಯ್ ಅಂತ ಶಬ್ದ. ಹಲಸಿನ ತುಂಡು ಲೇತಿಗೆ ಹಾಕಿದರೆ ಸ್ಟಾರ್ಟ್ ಆಗುವಾಗ ಎಳೆದಾಡುತ್ತದೆ, ಸುಟ್ಟ ವಾಸನೆ ಬರುತ್ತದೆ. ರಿವೈಂಡಿಂಗ್ ಅಂಗಡಿಯವರು ಕಾಯಿಲ್ ಹೋಗಿದೆ, ಬಿಚ್ಚಿ ಸುತ್ತಬೇಕು ಅನ್ನುತ್ತಿದ್ದಾರೆ. ಸುತ್ತಿಸಲಾ? ಇನ್ನೊಂದು ತೊಂದರೆ, ಪೈಪುಗಳಿಗೆ ತುಕ್ಕು ಹಿಡಿದು ತಲೆ ಜಾರುವುದೇ ಇಲ್ಲ.

ಭದ್ರಾವತಿ ಫಿಟ್ಟರ್:
ಸುತ್ತಿಸಬೇಡಿ ಮಾರಾಯ್ರೆ, ಒಂದು ನಿಮಿಷ ತಡೀರಿ. ತಗಡಿನ ಮೇಲಿರುವ ಆ 60 ಅನ್ನುವುದು ಹರ್ಟ್ಸ್, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಅನ್ನುವ ಲೆಕ್ಕ. ನಮ್ಮ ಕರೆಂಟ್ 50. ನೀವು ವೋಲ್ಟೇಜ್ ಇಳಿಸಿದ್ದೀರಿ, ಸರಿ. ಆದರೆ ಟ್ರಾನ್ಸ್‌ಫಾರ್ಮರ್ ಹರ್ಟ್ಸ್ ಬದಲಾಯಿಸುವುದಿಲ್ಲ. ಒಂದು ಕೆಲಸ ಮಾಡಿ. ಬೆಲ್ಟ್ ತೆಗೆದು ಖಾಲಿ ಓಡಿಸಿ, 110 ವೋಲ್ಟ್ ಕಡೆಯ ಒಂದೇ ವಯರ್ ಹಿಡಿದು ಟಾಂಗ್ ಟೆಸ್ಟರಿನಲ್ಲಿ (ವಯರ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಮೀಟರ್) ಆಂಪ್ಸ್ ನೋಡಿ ಹೇಳಿ.

ತೀರ್ಥಹಳ್ಳಿ ಹವ್ಯಾಸಿ:
ನೋಡಿದೆ ಸರ್. ಖಾಲಿ ಓಡುವಾಗಲೇ 6.8 ತೋರಿಸುತ್ತಿದೆ.

ಭದ್ರಾವತಿ ಫಿಟ್ಟರ್:
ಅದೇ ನೋಡಿ. ಪೂರ್ತಿ ಲೋಡ್ ಇದ್ದಾಗ 7.4 ಎಳೆಯಬೇಕಾದ ಮೋಟರ್ ಖಾಲಿ ಇದ್ದಾಗಲೇ 6.8 ಎಳೆಯುತ್ತಿದೆ.

ಕಾರಣ ಹೀಗೆ. ಮೋಟರಿನ ಕಬ್ಬಿಣಕ್ಕೆ ಎಷ್ಟು ಕಾಂತಶಕ್ತಿ ಹೊರಿಸುತ್ತೀರಿ ಅನ್ನುವುದು ವೋಲ್ಟನ್ನು ಹರ್ಟ್ಸಿನಿಂದ ಭಾಗಿಸಿದ ಲೆಕ್ಕದ ಮೇಲೆ ನಿಲ್ಲುತ್ತದೆ. ಅಲ್ಲಿ 115 ಭಾಗಿಸು 60, ಅಂದರೆ 1.9. ಇಲ್ಲಿ 110 ಭಾಗಿಸು 50, ಅಂದರೆ 2.2. ಶೇಕಡಾ 15ರಷ್ಟು ಜಾಸ್ತಿ. ಕಬ್ಬಿಣ ಮೊದಲೇ ಹೆಚ್ಚುಕಡಿಮೆ ತುಂಬಿರುತ್ತದೆ, ಅದರ ಮೇಲೆ ಇಷ್ಟು ಹೊರಿಸಿದರೆ ಕರೆಂಟ್ ಸುಮ್ಮನೆ ಬಿಸಿಯಾಗಿ ಹೋಗುತ್ತದೆ. ಸ್ಪೀಡೂ ಕಡಿಮೆ ಆಗುವುದರಿಂದ ಒಳಗಿನ ಫ್ಯಾನ್ ಗಾಳಿಯೂ ಕಡಿಮೆ.

ಸುಟ್ಟ ವಾಸನೆಗೆ ಇನ್ನೊಂದು ಕಾರಣ ಇದೆ, ಇದನ್ನು ಜಾಸ್ತಿ ಜನ ನೋಡುವುದಿಲ್ಲ. ಈ ಮೋಟರಿನಲ್ಲಿ ಸ್ಟಾರ್ಟಿಂಗ್ ಕಾಯಿಲ್ ಬೇರೆ ಇರುತ್ತದೆ. ಮೋಟರ್ ಸ್ಪೀಡ್ ಹಿಡಿದ ಮೇಲೆ ಸೆಂಟ್ರಿಫ್ಯೂಗಲ್ ಸ್ವಿಚ್ ಅದನ್ನು ಕತ್ತರಿಸಬೇಕು. 60 ಹರ್ಟ್ಸಿಗೆ ಅಂತ ಮಾಡಿದ ನಾಲ್ಕು ಪೋಲಿನ ಮೋಟರಿನಲ್ಲಿ ಆ ಸ್ವಿಚ್ ಸಾಮಾನ್ಯವಾಗಿ 1350ರ ಆಸುಪಾಸಿನಲ್ಲಿ ಬಿಡುತ್ತದೆ. ಅಲ್ಲಿ ಮೋಟರ್ 1725ಕ್ಕೆ ಹೋಗುವುದರಿಂದ ತಾಪತ್ರಯ ಇಲ್ಲ. ಇಲ್ಲಿ ನಿಮ್ಮ ಮೋಟರ್ ಲೋಡ್ ಇದ್ದಾಗ ಹೋಗುವುದೇ ಸುಮಾರು 1440. ಮಳೆಗಾಲದ ಸಂಜೆ ಮನೆಯಲ್ಲಿ 200 ವೋಲ್ಟ್ ಇದ್ದರೆ ಟ್ರಾನ್ಸ್‌ಫಾರ್ಮರ್ ಆಚೆಗೆ 95 ಬರುತ್ತದೆ. ಸ್ಟಾರ್ಟ್ ಆಗುವಾಗ 30 ಆಂಪ್ಸ್ ಎಳೆದರೆ 750 ವಿಎ ಟ್ರಾನ್ಸ್‌ಫಾರ್ಮರ್ ಅದನ್ನೂ ತಡೆದುಕೊಳ್ಳುವುದಿಲ್ಲ. ಮೇಲೆ ಹಲಸಿನ ದಿಮ್ಮಿ. 1350 ಮುಟ್ಟಲು ತಿಣುಕುತ್ತದೆ, ಅಷ್ಟು ಹೊತ್ತೂ ಸ್ಟಾರ್ಟಿಂಗ್ ಕಾಯಿಲ್ ಉರಿಯುತ್ತಲೇ ಇರುತ್ತದೆ. ಅದು ಕ್ಷಣಕಾಲಕ್ಕೆ ಅಂತ ಮಾಡಿದ ಕಾಯಿಲ್.

ಹೊಸದಾಗಿ ಸುತ್ತಿಸಿದರೆ 230 ವೋಲ್ಟ್, 50 ಹರ್ಟ್ಸಿಗೆ ಲೆಕ್ಕ ಹಾಕಿ ಸುತ್ತಬಹುದು. ಆದರೆ ಸ್ವಿಚ್ ಹಳೆಯದೇ ಉಳಿಯುತ್ತದಲ್ವಾ? ಅದಕ್ಕೇ ಬೇಡ ಅಂದೆ.

ಸೊರಬದ ಹುಡುಗ:
ವಿಎಫ್‌ಡಿ (ಹರ್ಟ್ಸ್ ಬದಲಾಯಿಸುವ ಎಲೆಕ್ಟ್ರಾನಿಕ್ ಡಬ್ಬಿ) ಹಾಕಿ 60 ಹರ್ಟ್ಸ್ ಕೊಟ್ಟರೆ ಆಯ್ತಲ್ಲ? ಆನ್‌ಲೈನಲ್ಲಿ ಸಿಗುತ್ತೆ.

ಭದ್ರಾವತಿ ಫಿಟ್ಟರ್:
ಇದಕ್ಕೆ ಬೇಡ ತಮ್ಮಾ. ವಿಎಫ್‌ಡಿ ತ್ರೀ ಫೇಸ್ ಮೋಟರಿಗೆ. ಕಂಡೆನ್ಸರ್, ಸೆಂಟ್ರಿಫ್ಯೂಗಲ್ ಸ್ವಿಚ್ ಇರುವ ಸಿಂಗಲ್ ಫೇಸ್ ಮೋಟರಿಗೆ ಹಾಕಿದರೆ ವಿಎಫ್‌ಡಿ ಹೋಗುತ್ತದೆ, ಇಲ್ಲ ಕಂಡೆನ್ಸರ್ ಹೋಗುತ್ತದೆ.

ಸಾಗರ ಲೇತ್:
ಮೆಷಿನಿನ ಬಗ್ಗೆ ಎರಡು ಮಾತು. 10ಇಆರ್ ಅಮೆರಿಕದಲ್ಲಿ 1947ರಲ್ಲಿ ಬಂತು. ಮಾಡಿದವರು ಹ್ಯಾನ್ಸ್ ಗೋಲ್ಡ್‌ಸ್ಮಿಟ್. 1953ರಲ್ಲಿ ಮಾರ್ಕ್ 5 ಬಂತು, ಅದರಲ್ಲಿ ಮೋಟರ್ ತಲೆಯ ಒಳಗೇ ಇರುತ್ತದೆ. ಅದಾಗಿದ್ದರೆ ನಿಮಗೆ ತಲೆನೋವು ಜಾಸ್ತಿ ಇರುತ್ತಿತ್ತು. ನಿಮ್ಮದರಲ್ಲಿ ಮೋಟರ್ ಹೊರಗಡೆ, ನಾಲ್ಕು ಬೋಲ್ಟ್ ಬಿಚ್ಚಿದರೆ ಮುಗೀತು. ಊರಿನ ಮೋಟರ್ ಹಾಕಿ. ಹಳೆಯದನ್ನು ಎಣ್ಣೆ ಬಿಟ್ಟು ಎತ್ತಿಡಿ, ಗುಜರಿಗೆ ಮಾತ್ರ ಕೊಡಬೇಡಿ.

ಮುಕ್ಕಾಲು ಎಚ್‌ಪಿ, 230 ವೋಲ್ಟ್, 1440 ಆರ್‌ಪಿಎಂ ಸಾಕು. ಪೂರ್ತಿ ಮುಚ್ಚಿದ ಮಾದರಿಯೇ ಇರಲಿ, ಮರದ ಪುಡಿ ಒಳಗೆ ಹೋಗಬಾರದು. ಬಾಲ್ ಬೇರಿಂಗ್ ಇರಬೇಕು. ಇದು ಯಾಕೆ ಮುಖ್ಯ ಅಂದರೆ, ಡ್ರಿಲ್ ಮಾಡಲು ಮೆಷಿನ್ ಎತ್ತಿ ನಿಲ್ಲಿಸಿದಾಗ ಮೋಟರೂ ನೆಟ್ಟಗೆ ನಿಲ್ಲುತ್ತದೆ. ಬಾಲ್ ಬೇರಿಂಗ್ ಬದಲು ಬುಷ್ (ಎಣ್ಣೆ ಹಾಕುವ ಲೋಹದ ಬಳೆ) ಇರುವ ಮೋಟರ್ ಆದರೆ ಎಣ್ಣೆ ಸೋರಿ ಬುಷ್ ಒಣಗುತ್ತದೆ. ಅತಿ ಭಾರದ ಮೋಟರೂ ಬೇಡ, ಎತ್ತುವಾಗ ಸೊಂಟ ಹಿಡಿಯುತ್ತದೆ.

ತೀರ್ಥಹಳ್ಳಿ ಹವ್ಯಾಸಿ:
ಹಾಗಾದರೆ ಸ್ಪೀಡ್? 1725ರ ಜಾಗಕ್ಕೆ 1440 ಬಂದರೆ ಗರಗಸ ನಿಧಾನ ಆಗಲ್ವಾ?

ಭದ್ರಾವತಿ ಫಿಟ್ಟರ್:
ಆಗುತ್ತದೆ. 1725 ಭಾಗಿಸು 1440, 1.2. ಮೋಟರ್ ಪುಲ್ಲಿಯನ್ನು ಅಷ್ಟು ದೊಡ್ಡದು ಮಾಡಿ. ಈಗ ಎರಡೂವರೆ ಇಂಚು ಇದ್ದರೆ 3 ಇಂಚು ಹಾಕಿ, ಸ್ಪೀಡ್ ಮೊದಲಿನಂತೆ ಆಗುತ್ತದೆ. ಹಳೇ ಪುಲ್ಲಿಯ ತೂತು ಇಂಚಿನ ಲೆಕ್ಕದ್ದು, ನಮ್ಮ ಮೋಟರಿನ ಶಾಫ್ಟ್ ಎಂಎಂ ಲೆಕ್ಕದ್ದು. ಹೇಗೂ ಹೊಸ ಪುಲ್ಲಿಯೇ ಬೇಕು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹೋದರೆ ಯಾವ ಲೇತ್ ಅಂಗಡಿಯಲ್ಲೂ ಬೋರ್ ಮಾಡಿ ಕೀವೇ (ಪುಲ್ಲಿ ಜಾರದಂತೆ ಕೀಲಿ ಕೂರುವ ಗಾಡಿ) ಹೊಡೆದು ಕೊಡುತ್ತಾರೆ. ಶಾಫ್ಟ್ ಅಳತೆ ಬಾಯಲ್ಲಿ ಹೇಳಬೇಡಿ, ಮೋಟರನ್ನೇ ಹೊತ್ತುಕೊಂಡು ಹೋಗಿ.

ಸಾಗರ ಲೇತ್:
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗರಗಸಕ್ಕೆ ಸರಿ. ಲೇತಿಗೆ ಸ್ಪೀಡ್ ಕಡಿಮೆ ಆದಷ್ಟೂ ಒಳ್ಳೇದು. ಬಟ್ಟಲು ಕಡೆಯುವವರ ಲೆಕ್ಕ ಗೊತ್ತಿರಲಿ: ಮರದ ಅಗಲ ಇಂಚಿನಲ್ಲಿ, ಅದನ್ನು ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. 10 ಇಂಚಿನ ಬಟ್ಟಲಿಗೆ 600ರಿಂದ 900. ಹಸಿ ಹಲಸು, ಒಂದು ಕಡೆ ತೂಕ ಜಾಸ್ತಿ ಇದ್ದರೆ 600ಕ್ಕಿಂತಲೂ ಕೆಳಗೆ ಶುರು ಮಾಡಿ. ಹಾಗಾಗಿ ಎರಡೂ ಪುಲ್ಲಿ ಇಟ್ಟುಕೊಳ್ಳಿ, ಕೆಲಸ ನೋಡಿ ಬದಲಾಯಿಸಿ.

ಇನ್ನು ತುಕ್ಕು. ಸುತ್ತಿಗೆಯಿಂದ ತಲೆಗೆ ಹೊಡೆಯಬೇಡಿ, ಎರಕದ ಭಾಗ ಸೀಳಿದರೆ ಬದಲಿ ಸಿಗುವುದಿಲ್ಲ. ತಲೆಯ ಲಾಕ್ ಸಡಿಲ ಮಾಡಿ, ಸಂದಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಬಿಟ್ಟು ಒಂದು ರಾತ್ರಿ ಬಿಡಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ತಿರುಚಿದ ಹಾಗೆ ಅಲ್ಲಾಡಿಸಿ. ಹೊರಗಿನ ಪೈಪಿಗೆ ಹುಣಸೆಹಣ್ಣಿನ ರಸ ಹಚ್ಚಿ ಉಜ್ಜಿದರೂ ತುಕ್ಕು ಬಿಡುತ್ತದೆ, ಆದರೆ ತಕ್ಷಣ ತೊಳೆದು ಒರೆಸಿ ಒಣಗಿಸಿ, ಇಲ್ಲದಿದ್ದರೆ ನಮ್ಮ ಹವೆಗೆ ಬೆಳಗಾಗುವುದರೊಳಗೆ ಕೆಂಪಾಗಿರುತ್ತದೆ. ಕೊನೆಗೆ ಸಣ್ಣ ಎಮರಿ ಪೇಪರ್. ಗ್ರೀಸ್ ಹಚ್ಚಬೇಡಿ, ಮರದ ಪುಡಿ ಅಂಟಿ ಅರಗಿನಂತೆ ಗಟ್ಟಿಯಾಗುತ್ತದೆ. ಜೇನುಮೇಣ ತೆಳ್ಳಗೆ ಹಚ್ಚಿ, ಬಟ್ಟೆಯಲ್ಲಿ ಉಜ್ಜಿ ತೆಗೆದರೆ ಸಾಕು.

ತೀರ್ಥಹಳ್ಳಿ ಹವ್ಯಾಸಿ:
ವರದಿ ಕೊಡುತ್ತಿದ್ದೇನೆ. ಹೊಸ ಮೋಟರ್ ಕೂತಿದೆ, ತಲೆಯೂ ಜಾರುತ್ತಿದೆ. ಎರಡು ಸಮಸ್ಯೆ. ಒಂದು, ಉಲ್ಟಾ ತಿರುಗುತ್ತಿದೆ. ಎರಡು, ಸ್ಪಿಂಡಲ್ ಕೈಯಲ್ಲಿ ತಿರುಗಿಸಿದರೆ ಜಗಿಯುವ ಶಬ್ದ ಬರುತ್ತದೆ.

ಭದ್ರಾವತಿ ಫಿಟ್ಟರ್:
ಲೇತಿನ ಮುಂದೆ ನಿಂತರೆ ಮರದ ಮೇಲ್ಭಾಗ ನಿಮ್ಮ ಕಡೆಗೆ ಬರಬೇಕು. ಹಾಗಿಲ್ಲದಿದ್ದರೆ ಟರ್ಮಿನಲ್ ಡಬ್ಬಿ ತೆಗೆದು ಸ್ಟಾರ್ಟಿಂಗ್ ಕಾಯಿಲಿನ ಎರಡು ತುದಿ ಅದಲು ಬದಲು ಮಾಡಿ. ಪ್ಲಗ್ ಉಲ್ಟಾ ಹಾಕಿದರೆ ಏನೂ ಆಗಲ್ಲ. ಮುಟ್ಟುವ ಮೊದಲು ಪ್ಲಗ್ ಕಿತ್ತು, ಕಂಡೆನ್ಸರಿನ ಚಾರ್ಜ್ ಇಳಿಸಿ.

ಜಗಿಯುವುದು ಬೇರಿಂಗ್. ಸ್ಪಿಂಡಲ್ ಬಿಚ್ಚುವಾಗ ಒಂದು ಎಚ್ಚರ: ಡ್ರಿಲ್ ಹಿಡಿ ವಾಪಸ್ ಎಳೆಯಲು ಸುರುಳಿ ಸ್ಪ್ರಿಂಗ್ ಇದೆ. ಅದರ ಬಿಗಿ ನಿಧಾನವಾಗಿ ಇಳಿಸಿಯೇ ಬಿಚ್ಚಿ, ಇಲ್ಲದಿದ್ದರೆ ಬೆರಳಿಗೆ ಹೊಡೆಯುತ್ತದೆ. ಹಳೇ ಬೇರಿಂಗನ್ನೇ ಅಂಗಡಿಗೆ ಒಯ್ದು ಒಳಗಿನ, ಹೊರಗಿನ ಅಳತೆ ಕ್ಯಾಲಿಪರಿನಲ್ಲಿ ಹಿಡಿಸಿ. ಎರಡೂ ಬದಿ ರಬ್ಬರ್ ಮುಚ್ಚಳ ಇರುವುದನ್ನೇ ಕೇಳಿ. ತಗಡಿನ ಮುಚ್ಚಳದ ಸಂದಿಯಲ್ಲಿ ಪುಡಿ ಒಳಗೆ ಹೋಗುತ್ತದೆ.

ಹಳೇ ವಯರಿಗೆ ಎರಡೇ ಪಿನ್ ಇದ್ದಿರಬೇಕು. ಈಗ ಮೂರು ಪಿನ್ ಹಾಕಿ, ಮೋಟರಿಗೂ ಮೆಷಿನಿನ ಮೈಗೂ ಅರ್ಥಿಂಗ್ ಕೊಡಿ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವವರು ನಾವು. ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿಯೂ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲಿ.

ತೀರ್ಥಹಳ್ಳಿ ಹವ್ಯಾಸಿ:
ತಿರುಗುವುದು ಸರಿ ಆಯ್ತು. ಖಾಲಿ ಓಡಿಸಿದರೆ ಮೋಟರ್ ಉಗುರು ಬೆಚ್ಚಗೆ ಅಷ್ಟೇ. ಬೇರಿಂಗ್ ತರಲು ಸೋಮವಾರ ಶಿವಮೊಗ್ಗಕ್ಕೆ ಹೋಗುತ್ತೇನೆ. ಅಲ್ಲಿಯ ತನಕ ಗರಗಸ ಹಾಕಿ ನೋಡಬಹುದಾ? ಬ್ಲೇಡ್ ಇದೆ, ಗಾರ್ಡ್ ಮಾತ್ರ ಕಳೆದುಹೋಗಿದೆ.

ಸಾಗರ ಲೇತ್:
ಖಂಡಿತ ಬೇಡ. ಬೇರಿಂಗ್ ಆಟ ಆಡುತ್ತಿರುವಾಗ ಬ್ಲೇಡ್ ಓಲಾಡುತ್ತದೆ, ಮರ ಸಿಕ್ಕಿಕೊಂಡರೆ ನೇರ ಹೊಟ್ಟೆಗೆ ಬರುತ್ತದೆ. ಮೊದಲು ಬೇರಿಂಗ್, ಆಮೇಲೆ ಬ್ಲೇಡಿನ ಹಿಂದೆ ಸೀಳು ಮುಚ್ಚದಂತೆ ತಡೆಯುವ ತಗಡು, ಮೇಲೆ ಗಾರ್ಡ್. ಟೇಬಲ್ಲಿನ ಫೋಟೋ ಹಾಕಿ, ಗಾರ್ಡ್ ಎಲ್ಲಿ ಬೋಲ್ಟ್ ಮಾಡಬಹುದು ಅಂತ ನೋಡಿ ಹೇಳುತ್ತೇನೆ.