ಶುಲ್ಕ ಯಾರಿಂದ ಪಡೆಯಬೇಕು? ಎರಡು ಕಡೆಯವರನ್ನು ಜೋಡಿಸುವ ವೇದಿಕೆಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಮೂವರು ಗೆಳೆಯರು ಸೇರಿ, ಸಂಗೀತ ಕಲಿಸುವವರನ್ನೂ ಕಲಿಯಬಯಸುವವರನ್ನೂ ಜೋಡಿಸುವ ಆ್ಯಪ್ ಒಂದನ್ನು ನಡೆಸುತ್ತಿದ್ದೇವೆ. ಇಬ್ಬರಿಗೂ ಪ್ರಯೋಜನವಿರುವುದರಿಂದ ಇಬ್ಬರಿಂದಲೂ ಸಮನಾದ ವಾರ್ಷಿಕ ಸದಸ್ಯತ್ವ ಶುಲ್ಕ ಪಡೆಯುವುದೇ ನ್ಯಾಯವೆಂದು ಭಾವಿಸಿದೆವು. ಎಂಟು ತಿಂಗಳಾದರೂ 11 ವಾದ್ಯಗಳಿಗೆ ಸೇರಿ 40 ಶಿಕ್ಷಕರಷ್ಟೇ ಇದ್ದಾರೆ. ಶಿಕ್ಷಕರು ‘ವಿದ್ಯಾರ್ಥಿಗಳೆಲ್ಲಿ’ ಎನ್ನುತ್ತಾರೆ, ವಿದ್ಯಾರ್ಥಿಗಳು ‘ಆರಿಸಿಕೊಳ್ಳಲು ಶಿಕ್ಷಕರೇ ಇಲ್ಲ’ ಎನ್ನುತ್ತಾರೆ. ಸದಸ್ಯತ್ವ ಶುಲ್ಕದ ಬದಲು ತರಗತಿಗೆ ಇಂತಿಷ್ಟು ಕಮಿಷನ್ ಎಂದು ಮಾಡುವ ಯೋಚನೆಯಿದೆ. ಅದನ್ನು ಯಾರಿಂದ ಪಡೆಯಬೇಕು?

ಉತ್ತರ: ಸಮಪಾಲು ಕೇಳಲು ನ್ಯಾಯವೆನಿಸುತ್ತದೆ, ಆದರೆ ಇಂತಹ ವ್ಯವಹಾರದಲ್ಲಿ ದರ ನಿಗದಿ ಮಾಡುವಾಗ ಮೊದಲು ನೋಡಬೇಕಾದದ್ದು ಯಾರು ಬಂದರೆ ಯಾರು ಹಿಂದೆಯೇ ಬರುತ್ತಾರೆ ಎಂಬುದನ್ನು. 1950ರಲ್ಲಿ ನ್ಯೂಯಾರ್ಕಿನಲ್ಲಿ, ಕಾರ್ಡು ತೋರಿಸಿ ಊಟ ಮಾಡಿ ಬಿಲ್ಲನ್ನು ಆಮೇಲೆ ಕಟ್ಟುವ ಡೈನರ್ಸ್ ಕ್ಲಬ್ ಎಂಬ ವ್ಯವಸ್ಥೆ ಆರಂಭವಾದಾಗ ಸದಸ್ಯರಿಗೆ ಕಾರ್ಡನ್ನು ಮೊದಮೊದಲು ಉಚಿತವಾಗಿ ಕೊಟ್ಟು, ಬಿಲ್ಲಿನ ಶೇ 7ರಷ್ಟನ್ನು ಹೋಟೆಲಿನವರಿಂದ ಪಡೆಯಲಾಯಿತು. ಕಾರ್ಡು ಹಿಡಿದು ಬರುವ ಗಿರಾಕಿಗಾಗಿ ಹೋಟೆಲಿನವರು ಹಣ ಬಿಟ್ಟುಕೊಡಲು ಸಿದ್ಧರಿದ್ದರು, ಬೆರಳೆಣಿಕೆಯ ಹೋಟೆಲುಗಳಲ್ಲಷ್ಟೇ ನಡೆಯುವ ಕಾರ್ಡಿಗೆ ಗಿರಾಕಿ ತಾನಾಗಿ ಹಣ ಕೊಡುವಂತಿರಲಿಲ್ಲ. ಇದರಿಂದ ಗಿರಾಕಿಗೆ ಸದಾ ಉಚಿತ ಎಂಬ ಸೂತ್ರ ಹೊರಡುವುದಿಲ್ಲ. ವಿಡಿಯೊ ಗೇಮ್ ಕನ್ಸೋಲ್ ತಯಾರಕರು ಯಂತ್ರವನ್ನು ಅಲ್ಪ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರಿ, ಆಟ ತಯಾರಿಸುವವರಿಂದ ರಾಯಧನ ಪಡೆಯುತ್ತಾರೆ. ಅದೇ ವಿಂಡೋಸ್‌ನ ವಿಷಯದಲ್ಲಿ ಹಣ ಬಂದದ್ದು ಬಹುಪಾಲು ಬಳಕೆದಾರರ ಕಡೆಯಿಂದ, ತಂತ್ರಾಂಶ ಬರೆಯುವವರನ್ನು ಮೈಕ್ರೋಸಾಫ್ಟ್ ಓಲೈಸಿಕೊಂಡೇ ಬಂದಿತು.

ಈಗ ನಿಮ್ಮ ಕಮಿಷನ್ ವಿಚಾರ. ನೀವು ಹೆಚ್ಚು ತಲೆ ಕೆಡಿಸಿಕೊಂಡಿರುವ ಭಾಗವೇ ಇಲ್ಲಿ ಅತ್ಯಂತ ಕಡಿಮೆ ಮುಖ್ಯವಾದದ್ದು. ನಿಮ್ಮಲ್ಲಿ ತರಗತಿಯ ದರವನ್ನು ಶಿಕ್ಷಕರೇ ನಿರ್ಧರಿಸುತ್ತಾರೆ ಎಂದು ಭಾವಿಸುತ್ತೇನೆ. ಒಬ್ಬರು 100 ಎಂದು ದರ ಹಾಕಿದ್ದಾರೆ, ನಿಮ್ಮ ಕಮಿಷನ್ 10 ಎಂದಿಟ್ಟುಕೊಳ್ಳಿ. ಅದನ್ನು ವಿದ್ಯಾರ್ಥಿಯಿಂದ ಪಡೆದರೆ ಆತ 110 ಕೊಡುತ್ತಾನೆ, ಶಿಕ್ಷಕರಿಗೆ 100 ಸೇರುತ್ತದೆ. ಶಿಕ್ಷಕರಿಂದ ಪಡೆದರೆ ಅವರು ಒಂದೆರಡು ತಿಂಗಳಲ್ಲಿ ದರವನ್ನು 110ಕ್ಕೆ ಏರಿಸುತ್ತಾರೆ. ಆಗಲೂ ಆತ ಕೊಡುವುದು 110, ಅವರಿಗೆ ಉಳಿಯುವುದು 100. ಜ್ಯಾನ್-ಶಾರ್ಲ್ ರೋಷೆ ಮತ್ತು 2014ರಲ್ಲಿ ನೊಬೆಲ್ ಪಡೆದ ಜ್ಯಾನ್ ತಿರೋಲ್ ಎಂಬ ಅರ್ಥಶಾಸ್ತ್ರಜ್ಞರು ಈ ಬಗೆಯ ಮಾರುಕಟ್ಟೆಗೆ ಕೊಟ್ಟ ಲಕ್ಷಣದ ತಿರುಳು ಇದೇ: ಒಟ್ಟು ಶುಲ್ಕ ಅಷ್ಟೇ ಇದ್ದು, ಅದನ್ನು ಎರಡು ಕಡೆಗೆ ಹಂಚುವ ರೀತಿ ಬದಲಾದಾಗ ವಹಿವಾಟಿನ ಪ್ರಮಾಣವೂ ಬದಲಾದರೆ ಮಾತ್ರ ಅದು ನಿಜಕ್ಕೂ ಎರಡು ಬದಿಯ ಮಾರುಕಟ್ಟೆ. ಕಾರ್ಡಿನ ವ್ಯವಹಾರದಲ್ಲಿ ಒಪ್ಪಂದದ ಕಾರಣಕ್ಕೋ ರೂಢಿಯ ಕಾರಣಕ್ಕೋ ಅಂಗಡಿಯವರು ಕಾರ್ಡಿಗೂ ನಗದಿಗೂ ಸಾಮಾನ್ಯವಾಗಿ ಒಂದೇ ಬೆಲೆ ಹಾಕುವುದರಿಂದ, ಶುಲ್ಕ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಅಲ್ಲಿ ಬಹಳ ತೂಕವಿದೆ. ನಿಮ್ಮಲ್ಲಿ ಹಾಗಿಲ್ಲ.

ಆದರೆ ಸದಸ್ಯತ್ವ ಶುಲ್ಕವನ್ನು ಹೀಗೆ ದಾಟಿಸಲು ಬರುವುದಿಲ್ಲ. ಒಬ್ಬ ವಿದ್ಯಾರ್ಥಿಯ ಮುಖವನ್ನೂ ನೋಡುವ ಮೊದಲೇ ಶಿಕ್ಷಕರು ಅದನ್ನು ಕಟ್ಟಬೇಕು, ಬಾರದೇ ಹೋಗಬಹುದಾದ ತರಗತಿಯ ದರಕ್ಕೆ ಅದನ್ನು ಸೇರಿಸುವುದಾದರೂ ಹೇಗೆ? ಎದುರುಗಡೆಯವರು ಬಾರದೇ ಹೋದರೆ ಎಂಬ ಅಪಾಯವನ್ನು ನೀವು ಹೊರುವ ಬದಲು ಅವರ ತಲೆಗೆ ಕಟ್ಟಿದ್ದೀರಿ. ಎರಡು ಕಡೆಯೂ ಅದನ್ನು ತೆಗೆದುಬಿಡಿ.

ಶುಲ್ಕ ತೆಗೆದ ಮಾತ್ರಕ್ಕೆ ಜನ ಬರುತ್ತಾರೆಂದು ಹೇಳಲಾರೆ, ಏಕೆಂದರೆ 11 ವಾದ್ಯಗಳಿಗೆ 40 ಶಿಕ್ಷಕರೆಂದರೆ ಪಿಟೀಲು ಹುಡುಕಿ ಬಂದವನಿಗೆ ಕಾಣುವುದು ಮೂರೋ ನಾಲ್ಕೋ ಹೆಸರು. ಅವರಲ್ಲಿ ಒಬ್ಬರಿಗೆ ಬೆಳಿಗ್ಗೆ ಮಾತ್ರ ಬಿಡುವು, ಇನ್ನೊಬ್ಬರು ಮಕ್ಕಳಿಗೆ ಕಲಿಸುವುದಿಲ್ಲ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ತನ್ನ ಕ್ರೆಡಿಟ್ ಕಾರ್ಡನ್ನು ದೇಶವಿಡೀ ಚೆಲ್ಲಲಿಲ್ಲ. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಎಂಬ ಒಂದೇ ಊರಿನಲ್ಲಿ, ಕೇಳದವರಿಗೂ ಸೇರಿ ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿತು. ಸಾಲ ತೀರಿಸದವರಿಂದಲೂ ವಂಚಕರಿಂದಲೂ ಮೊದಲ ವರ್ಷಗಳಲ್ಲಿ ಭಾರಿ ನಷ್ಟವಾಯಿತೆಂಬುದು ಬೇರೆ ಮಾತು, ಆದರೆ ಆ ಊರಿನ ಅಂಗಡಿಯವರಿಗೆ ‘ಕಾರ್ಡಿರುವ ಗಿರಾಕಿ ಎಲ್ಲಿ’ ಎಂದು ಕೇಳುವ ಅವಕಾಶ ಉಳಿಯಲಿಲ್ಲ. ನಿಮ್ಮ ಫ್ರೆಸ್ನೊ ಒಂದು ವಾದ್ಯವಾಗಲಿ. ಉಳಿದ ಹತ್ತನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆದರೂ ನಷ್ಟವಿಲ್ಲ.

ಮರುಪ್ರಶ್ನೆ: ಧನ್ಯವಾದಗಳು ಸರ್. ಸದಸ್ಯತ್ವ ಶುಲ್ಕವನ್ನೇ ಆರಿಸಿಕೊಳ್ಳಲು ನಮಗೆ ಒಂದು ಕಾರಣವಿತ್ತು. ಕಮಿಷನ್ ಇಟ್ಟರೆ ಮೊದಲ ತರಗತಿಯ ನಂತರ ಶಿಕ್ಷಕರೂ ವಿದ್ಯಾರ್ಥಿಯೂ ಫೋನ್ ನಂಬರ್ ಹಂಚಿಕೊಂಡು ಆ್ಯಪ್‌ನ ಹೊರಗೇ ವ್ಯವಹಾರ ಮುಂದುವರಿಸುತ್ತಾರೆಂಬ ಭಯ. ಚಾಟ್‌ನಲ್ಲಿ ನಂಬರ್ ಹಾಕದಂತೆ ತಡೆದರೆ ಸಾಲದೇ?

ಉತ್ತರ: ಸಾಲದು. ಅಂಕಿಗಳನ್ನು ತಡೆದರೆ ಜನ ‘ಒಂಬತ್ತು ಎಂಟು ನಾಲ್ಕು’ ಎಂದು ಅಕ್ಷರದಲ್ಲಿ ಬರೆಯುತ್ತಾರೆ. ನಾನು ಲೆಕ್ಕ ನೋಡುತ್ತಿದ್ದ ಒಂದು ಸಂಸ್ಥೆಯಲ್ಲಿ ನಂಬರನ್ನು ಕಾಗದದ ಮೇಲೆ ಬರೆದು ಚಿತ್ರ ಕಳುಹಿಸಿದವರೂ ಇದ್ದರು. ಟ್ಯಾಕ್ಸಿ ಆ್ಯಪ್‌ಗಳಿಗೆ ಈ ಕಾಟ ಕಡಿಮೆ, ಅಲ್ಲಿ ಪ್ರತಿ ಸಲವೂ ಬೇರೆ ಚಾಲಕರು ಬರುತ್ತಾರೆ. ಗುರು-ಶಿಷ್ಯರ ನಂಟು ವರ್ಷಗಟ್ಟಲೆ ನಡೆಯುವಂಥದ್ದು, ಜೋಡಿಸುವ ಕೆಲಸ ಮಾತ್ರ ಒಂದೇ ಸಲದ್ದು. ಒಂದು ಸಲದ ಕೆಲಸಕ್ಕೆ ನೂರು ಸಲ ಕೂಲಿ ಕೇಳಿದರೆ ಅವರು ಹೊರಗೆ ಹೋಗುವುದು ಸಹಜ.

ಬಿಡಿ ಕೆಲಸ ಮಾಡುವವರನ್ನೂ ಮಾಡಿಸುವವರನ್ನೂ ಜೋಡಿಸುವ ಅಪ್‌ವರ್ಕ್ ಎಂಬ ಜಾಲತಾಣ 2016ರಿಂದ 2023ರವರೆಗೆ ಅನುಸರಿಸಿದ ಕ್ರಮ ನಿಮಗೆ ಉಪಯೋಗವಾಗಬಹುದು. ಒಬ್ಬ ಕೆಲಸಗಾರ ಒಬ್ಬನೇ ಗ್ರಾಹಕನಿಂದ ಗಳಿಸಿದ ಮೊದಲ 500 ಡಾಲರಿಗೆ ಶೇ 20, ಅಲ್ಲಿಂದ 10,000 ಡಾಲರ್‌ವರೆಗೆ ಶೇ 10, ಅದರಾಚೆ ಶೇ 5 ಕಮಿಷನ್ ಇತ್ತು. ನಂಟು ಬೆಳೆದಷ್ಟೂ ಹೊರಗೆ ಹೋಗುವ ಆಸೆ ಹೆಚ್ಚುತ್ತದೆ, ಅದಕ್ಕೆ ಸರಿಯಾಗಿ ದರ ಇಳಿಯುತ್ತದೆ. ನಿಮ್ಮ ವಿಷಯದಲ್ಲಿ ನಾನಾದರೆ ಮೊದಲ ನಾಲ್ಕಾರು ತರಗತಿಗಳಿಗೆ ಕಮಿಷನ್ ಜಾಸ್ತಿ ಇಟ್ಟು, ಆಮೇಲೆ ಹಣ ಪಾವತಿ, ತಪ್ಪಿದ ತರಗತಿಗೆ ಬದಲಿ ದಿನ, ಶಿಕ್ಷಕರು ರಜೆ ಹಾಕಿದಾಗ ಬದಲಿ ಶಿಕ್ಷಕರು ಇವುಗಳಿಗೆ ತಕ್ಕಷ್ಟು ಸಣ್ಣ ಶುಲ್ಕವನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಅಷ್ಟಾದ ಮೇಲೂ ಹೊರಗೆ ಹೋಗುವವರು ಹೋಗಲಿ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ಸರ್, ಇಷ್ಟೆಲ್ಲ ಮಾಡಿ ನೆಲೆಯೂರಿದ ಮೇಲೆ ದುಡ್ಡಿರುವವರೊಬ್ಬರು ಬಂದು ಪೂರ್ತಿ ಉಚಿತವಾಗಿ ಕೊಟ್ಟರೆ? ಮೊದಲು ಜನ ಸೇರಿಸಿದವರನ್ನು ಅಲುಗಾಡಿಸಲಾಗದು ಎಂದು ಕೇಳಿದ್ದೇನೆ.

ಉತ್ತರ: ಆ ಮಾತನ್ನು ಅತಿಯಾಗಿ ನಂಬಬೇಡಿ, ಮೇಡಂ. ಆನ್‌ಲೈನ್‌ನಲ್ಲಿ ಕೊಳ್ಳುವವರನ್ನೂ ಮಾರುವವರನ್ನೂ ಸೇರಿಸುವ ಅಮೆರಿಕದ ಇಬೇ, 2003ರಲ್ಲಿ ಅದೇ ಬಗೆಯ ಚೀನಾದ ತಾಣವಾದ ಈಚ್‌ನೆಟ್ಅನ್ನು ಪೂರ್ತಿ ಕೊಂಡು ಅಲ್ಲಿನ ಮಾರುಕಟ್ಟೆಯಲ್ಲಿ ಮುಂದಿತ್ತು. ಅದೇ ವರ್ಷ ಚೀನಾದ ಅಲಿಬಾಬಾ ಕಂಪನಿ ತಂದ ತಾವೋಬಾವೋ ಎಂಬ ತಾಣ ಮಾರಾಟಗಾರರಿಂದ ಶುಲ್ಕವನ್ನೇ ಕೇಳಲಿಲ್ಲ. 2006ರ ಕೊನೆಗೆ ಇಬೇ ಅಲ್ಲಿನ ತನ್ನ ತಾಣವನ್ನು ಸ್ಥಳೀಯ ಪಾಲುದಾರರ ಕೈಗೆ ಒಪ್ಪಿಸಿ ಹಿಂದೆ ಸರಿಯಿತು. ಮೇಲಿನ ಮರುಪ್ರಶ್ನೆಗೂ ಇದಕ್ಕೂ ಸಂಬಂಧವಿದೆ. ಶುಲ್ಕವಿಲ್ಲದ್ದರಿಂದ ತಾವೋಬಾವೋಗೆ ವ್ಯವಹಾರ ಹೊರಗೆ ಸೋರುವ ಭಯವಿರಲಿಲ್ಲ, ಹಾಗಾಗಿ ಕೊಳ್ಳುವವರೂ ಮಾರುವವರೂ ನೇರವಾಗಿ ಮಾತಾಡಲು ಚಾಟ್ ಸೌಲಭ್ಯವನ್ನೇ ಕೊಟ್ಟಿತು. ಆಮೇಲೆ ಅದರ ಆದಾಯ ಬಂದದ್ದು ಗಿಜಿಗುಡುವ ಸಂತೆಯಲ್ಲಿ ತಮ್ಮ ಸರಕು ಕಣ್ಣಿಗೆ ಬೀಳಲೆಂದು ಮಾರಾಟಗಾರರು ಕೊಟ್ಟ ಜಾಹೀರಾತಿನ ಹಣದಿಂದ.

ಒಬ್ಬ ಶಿಕ್ಷಕರು ಎರಡು ಆ್ಯಪ್‌ಗಳಲ್ಲಿ ಹೆಸರು ಹಾಕಲು ಹತ್ತು ನಿಮಿಷ ಸಾಕಾದರೆ ಜನಬಲವೊಂದೇ ಕೋಟೆಯಾಗುವುದಿಲ್ಲ. ‘ನಮ್ಮಲ್ಲಿ ಮಾತ್ರ ಇರಬೇಕು’ ಎಂದು ಕರಾರು ಬರೆಸಿಕೊಳ್ಳಲು ಹೊರಟರೆ ಸಣ್ಣ ವೇದಿಕೆಗೆ ಬರುವವರೂ ಬರುವುದಿಲ್ಲ. ಶಿಕ್ಷಕರ ಬಗ್ಗೆ ವಿದ್ಯಾರ್ಥಿಗಳು ಬರೆದ ಅಭಿಪ್ರಾಯಗಳು, ತರಗತಿಗಳ ದಾಖಲೆ, ಸಮಯಕ್ಕೆ ಕೈಸೇರುವ ಹಣ, ಇವಿಷ್ಟೇ ಹಿಡಿದಿಡುವ ಕೊಂಡಿಗಳು. ಮೊದಲ ಪ್ರಶ್ನೆ ಕೇಳಿದವರು ನೋಂದಾಯಿತರ ಸಂಖ್ಯೆಯನ್ನು ಎಣಿಸುವುದನ್ನು ಬಿಟ್ಟು, ಆ ಒಂದು ವಾದ್ಯ ಹುಡುಕಿ ಬಂದ ಪ್ರತಿ ನೂರು ಜನರಲ್ಲಿ ಎಷ್ಟು ಮಂದಿಗೆ ವಾರದೊಳಗೆ ತರಗತಿ ನಿಗದಿಯಾಯಿತು ಎಂಬುದನ್ನು ಮೂರು ತಿಂಗಳು ಬರೆದಿಟ್ಟು ಇಲ್ಲಿಯೇ ಹಾಕಿ. ಕಮಿಷನ್ ಎಷ್ಟಿರಬೇಕೆಂಬುದನ್ನು ಆ ಅಂಕಿ ನೋಡಿದ ಮೇಲೆ ಚರ್ಚಿಸೋಣ.