ಐಎಲ್-2 ವಯಲ್: ಪಿಬಿಎಸ್‌ನಲ್ಲಿ (ತಟಸ್ಥ ಉಪ್ಪಿನ ಬಫರ್) ಕರಗಿಸಿದರೆ ನಡೀತದೋ, ಆಸಿಡ್ಡೇ ಬೇಕೋ?

ಗುಮ್ಮಟದೂರು (ವಿಜಯಪುರ):
ರಿಕಾಂಬಿನಂಟ್ ಹ್ಯೂಮನ್ ಐಎಲ್-2 (ಟಿ ಕೋಶ ಬೆಳೆಸುವ ಪ್ರೋಟೀನ್) ತರಿಸಿದ್ದೇನೆ: 10 ಮೈಕ್ರೋಗ್ರಾಂ, ಇ. ಕೋಲಿ ಬ್ಯಾಕ್ಟೀರಿಯಾ ಮೂಲದ್ದು, ಕ್ಯಾರಿಯರ್ (ಜೊತೆಗೆ ಬೆರೆಸುವ ರಕ್ಷಕ ಪ್ರೋಟೀನ್) ಇಲ್ಲ. ಪಿಬಿಎಂಸಿಯಿಂದ (ರಕ್ತದಿಂದ ಬೇರ್ಪಡಿಸಿದ ಬಿಳಿ ರಕ್ತಕಣಗಳು) ಟಿ ಕೋಶ ಬೆಳೆಸಲು ಮಿ.ಲೀ.ಗೆ 100 ಐಯು (ಇಂಟರ್‌ನ್ಯಾಷನಲ್ ಯೂನಿಟ್) ಬೇಕು. ಕೊರಿಯರ್ ಬಂದಾಗ ಐಸ್ ಪ್ಯಾಕ್ ಪೂರ್ತಿ ಕರಗಿತ್ತು, ಹೊರಗೆ 40 ಡಿಗ್ರಿ ಬಿಸಿಲು. ವಯಲ್‌ನಲ್ಲಿ ಪುಡಿಯೇ ಕಾಣುತ್ತಿಲ್ಲ. -80 ಫ್ರೀಜರ್ ಇಲ್ಲ, ಡಬಲ್ ಡೋರ್ ಫ್ರಿಜ್ ಇದೆ. ಹೇಗೆ ಕರಗಿಸಿ ಇಡಲಿ?

ಘಟಪ್ರಭಾ (ಬಾಗಲಕೋಟೆ):
ಪುಡಿ ಕಾಣಂಗಿಲ್ಲ ಅಂತ ಗಾಬರಿ ಆಗಬ್ಯಾಡ್ರಿ. 10 ಮೈಕ್ರೋಗ್ರಾಂ ಕಣ್ಣಿಗೆ ಬೀಳೂದಿಲ್ಲ, ಗೋಡೆಗೋ ಮುಚ್ಚಳಕ್ಕೋ ತೆಳ್ಳಗ ಅಂಟಿರತದ. ತೆಗೆಯೂ ಮೊದಲ ಅರ್ಧ ನಿಮಿಷ ಸೆಂಟ್ರಿಫ್ಯೂಜ್ ತಿರುವ್ರಿ. ಒಣಗಿಸಿದ ಮಾಲು ಎರಡ್ಮೂರು ದಿನದ ಸೆಕೆ ಸಾಮಾನ್ಯವಾಗಿ ತಡಕೊಳ್ಳತದ. ದ್ರವರೂಪದ್ದಾಗಿದ್ರ ಮಾತು ಬ್ಯಾರೆ, ಡ್ರೈ ಐಸ್ ಇಲ್ಲದ ಬಂದ್ರ ವಾಪಸ್ ಕಳಸ್ರಿ.

ಬರೇ ಪಿಬಿಎಸ್ ಬ್ಯಾಡ. ಐಎಲ್-2 ನೀರಿಗೆ ಒಗ್ಗದ ಪ್ರೋಟೀನ್. ತಟಸ್ಥ ಪಿಎಚ್‌ನ್ಯಾಗ ಗಟ್ಟಿ ಸ್ಟಾಕ್ ಮಾಡಿದ್ರ ಗಂಟು ಕಟ್ಟತದ. 100 ಮಿ.ಲೀ. ನೀರಿಗೆ 0.57 ಮಿ.ಲೀ. ಗ್ಲೇಷಿಯಲ್ ಅಸಿಟಿಕ್ ಆಸಿಡ್ ಹಾಕಿದ್ರ 100 ಮಿಲಿಮೋಲಾರ್. ಅದಕ್ಕ 0.1% ಬಿಎಸ್‌ಎ (ದನದ ಆಲ್ಬುಮಿನ್ ಪ್ರೋಟೀನ್) ಸೇರಿಸಿ 0.2 ಮೈಕ್ರಾನ್ ಫಿಲ್ಟರ್ ಮಾಡ್ರಿ. ಫಿಲ್ಟರ್ ಮಾಡೂದು ಈ ದ್ರಾವಣಾನ ಅಷ್ಟ. ಐಎಲ್-2 ಹಾಕಿದ ಮ್ಯಾಲೆ ಮಾಡಿದ್ರ ಇರೂ ಚೂರು ಪ್ರೋಟೀನ್ ಮೆಂಬ್ರೇನ್‌ಗೆ ಅಂಟಿಹೋಗತದ. ವಯಲ್‌ಗೆ 100 ಮೈಕ್ರೋಲೀಟರ್ ಹಾಕಿ, ಗೋಡೆ ಎಲ್ಲಾ ತೋಯುವಂಗ ಹೊರಳಿಸಿ, 10-15 ನಿಮಿಷ ಬಿಡ್ರಿ. ವೋರ್ಟೆಕ್ಸ್ ಬ್ಯಾಡ, ನೊರೆ ಬಂತಂದ್ರ ಪ್ರೋಟೀನ್ ಕೆಡತದ. ಪ್ರೋಟೀನ್ ಅಷ್ಟಾಗಿ ಅಂಟದ ಲೋ-ಬೈಂಡ್ ಟ್ಯೂಬಿಗೆ 10 ಮೈಕ್ರೋಲೀಟರಿನಂಗ ಹಂಚ್ರಿ.

ಗುಮ್ಮಟದೂರು:
ಆ ಆಸಿಡ್ ಕೋಶಗಳಿಗೆ ಹೊಡೆತ ಕೊಡೋದಿಲ್ವಾ ಸರ್?

ಘಟಪ್ರಭಾ:
ಇಲ್ರಿ. ನಿಮ್ಮ ವಯಲ್ ಜೋಡಿ ಬರೂ ಲಾಟ್ ಶೀಟ್‌ನ್ಯಾಗ ಮಿಲಿಗ್ರಾಂಗೆ 1 ಕೋಟಿ ಐಯು ಅಂತ ಇದ್ರ, ಒಂದು ಟ್ಯೂಬ್ ಅಂದ್ರ 1 ಮೈಕ್ರೋಗ್ರಾಂ, 10,000 ಐಯು. ಅದು 100 ಮಿ.ಲೀ. ಮೀಡಿಯಾಕ್ಕ ಹೋಗತದ. ಆಸಿಡ್ ಹತ್ತು ಸಾವಿರ ಪಟ್ಟು ತೆಳುವಾದ ಮ್ಯಾಲೆ ಬಫರ್‌ಗೆ ಗೊತ್ತೂ ಆಗಂಗಿಲ್ಲ. ಶೀಟ್‌ನ್ಯಾಗ ಬ್ಯಾರೆ ಅಂಕಿ ಇದ್ರ ಲೆಕ್ಕ ಮತ್ತ ಹಾಕ್ರಿ.

ಕುಂದಾನಗರಿ (ಬೆಳಗಾವಿ):
ಕರಗಿಸುವ ವಿಧಾನಕ್ಕೆ ನನ್ನದೂ ಒಪ್ಪಿಗೆ, ಫ್ರಿಜ್‌ಗೆ ಇಲ್ಲ. ಡಬಲ್ ಡೋರ್ ಅಂದರೆ ಬಹುತೇಕ ಫ್ರಾಸ್ಟ್-ಫ್ರೀ. ಮಂಜು ಕಟ್ಟದಿರಲಿ ಅಂತ ಅದು ಆಗಾಗ ತಾನೇ ಬಿಸಿಯಾಗುತ್ತದೆ. 10 ಮೈಕ್ರೋಲೀಟರ್‌ನಷ್ಟು ಸಣ್ಣ ಹನಿ ಪ್ರತಿ ಸಲ ಅರೆಬರೆ ಕರಗಿ ಹೆಪ್ಪುಗಟ್ಟುತ್ತದೆ. ನೀವು ಟ್ಯೂಬ್ ಮುಟ್ಟದಿದ್ದರೂ ಫ್ರೀಜ್-ಥಾ ನಡೆದೇ ಇರುತ್ತದೆ.

ಇನ್ನೊಂದು. ಪಿಬಿಎಂಸಿಗೆ ಬರೀ ಐಎಲ್-2 ಸುರಿದು ‘ಬೆಳೀಲಿಲ್ಲ’ ಅಂತ ವಯಲ್‌ಗೆ ಬೈಯಬೇಡಿ. ಸುಮ್ಮನಿರುವ ಬಹುಪಾಲು ಟಿ ಕೋಶಗಳ ಮೇಲೆ ಸಿಡಿ25 (ಐಎಲ್-2 ಹಿಡಿಯುವ ಗ್ರಾಹಕದ ಭಾಗ) ಇರುವುದಿಲ್ಲ, ಹಾಗಾಗಿ ಈ ಪ್ರಮಾಣಕ್ಕೆ ಸರಿಯಾಗಿ ಓಗೊಡುವುದಿಲ್ಲ. ಮೊದಲು ಆಂಟಿ-ಸಿಡಿ3/ಸಿಡಿ28 ಪ್ರತಿಕಾಯ ಅಥವಾ ಪಿಎಚ್‌ಎ (ಟಿ ಕೋಶ ಕೆರಳಿಸುವ ಸಸ್ಯ ಪ್ರೋಟೀನ್) ಕೊಟ್ಟು ಎಬ್ಬಿಸಬೇಕು. ವಯಲ್ ಮೇಲೆಯೇ ಸಂಶಯವಿದ್ದರೆ ಮೂರು ದಿನದ ಪಿಎಚ್‌ಎ ಬ್ಲಾಸ್ಟ್ (ಪಿಎಚ್‌ಎಯಿಂದ ಎಬ್ಬಿಸಿದ ಕೋಶಗಳು) ತೊಳೆದು, 0.01ರಿಂದ 10 ನ್ಯಾನೋಗ್ರಾಂ/ಮಿ.ಲೀ.ವರೆಗೆ ಐಎಲ್-2 ಕೊಟ್ಟು, 48 ತಾಸಿಗೆ ಎಂಟಿಟಿ (ಜೀವಂತ ಕೋಶ ಅಳೆಯುವ ಬಣ್ಣದ ಪರೀಕ್ಷೆ) ಓದಿ. ಡೋಸ್ ಏರಿದಂತೆ ರೀಡಿಂಗ್ ಏರಿದರೆ ಮಾಲು ಜೀವಂತ ಇದೆ.

ಇದೇ ಆಸಿಡ್ ವಿಧಾನವನ್ನು ಜಿಎಂ-ಸಿಎಸ್‌ಎಫ್, ಐಎಲ್-4 ಎಂಬ ಬೇರೆ ಪ್ರೋಟೀನ್‌ಗಳಿಗೂ ಹಚ್ಚಬೇಡಿ, ಅವು ಸಾಮಾನ್ಯವಾಗಿ ಪಿಬಿಎಸ್‌ನಲ್ಲೇ ಕರಗುತ್ತವೆ. ಮಾನೊಸೈಟ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಕೆಲಸಕ್ಕೆ ಇಳಿದರೆ ಮಾತ್ರ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಉಳಿಯುವ ವಿಷ, ಅಂದರೆ ಎಲ್‌ಪಿಎಸ್) ಅಂಕಿ ಮೊದಲು ನೋಡಿ. ಪ್ರಚೋದನೆಯೇ ಇಲ್ಲದೆ ಟಿಎನ್‌ಎಫ್ (ಉರಿಯೂತದ ಪ್ರೋಟೀನ್) ಏರಿದರೆ, ಪಾಲಿಮಿಕ್ಸಿನ್-ಬಿ (ಎಲ್‌ಪಿಎಸ್ ಅಡಗಿಸುವ ಔಷಧ) ಹಾಕಿದ ಒಂದು ಬಾವಿ (ವೆಲ್) ಪಕ್ಕಕ್ಕಿಟ್ಟು ಹೋಲಿಸಿ. ಅಲ್ಲಿ ಇಳಿದರೆ ಎಲ್‌ಪಿಎಸ್ ಸೇರಿಕೊಂಡಿದೆ ಅಂತಲೇ.

ಗುಮ್ಮಟದೂರು:
ಕೈಯಾರೆ ಡಿಫ್ರಾಸ್ಟ್ ಮಾಡೋ ಹಳೇ -20 ಪೆಟ್ಟಿಗೆ ಫ್ರೀಜರ್ ಒಂದಿದೆ.

ಕುಂದಾನಗರಿ:
ಅದೇ ಸಾಕು. ಥರ್ಮಾಕೋಲ್ ಡಬ್ಬಿಯಲ್ಲಿ ಜೆಲ್ ಪ್ಯಾಕ್‌ಗಳ ನಡುವೆ, ತಳದಲ್ಲಿ ಇಡಿ. ಕರೆಂಟ್ ಹೋದರೂ ಕೆಲ ತಾಸು ತಡೆಯುತ್ತದೆ. ಮೂರು ತಿಂಗಳೊಳಗೆ ಬಳಸಿ. ಕರಗಿಸಿದ ಟ್ಯೂಬ್ 4 ಡಿಗ್ರಿಯಲ್ಲಿ ವಾರದ ಮಟ್ಟಿಗೆ, ಮತ್ತೆ ಫ್ರೀಜ್ ಮಾಡುವಂತಿಲ್ಲ.